ಅಳವಡಿಕೆಯೋ ರೂಪಾಂತರವೋ: ಅಂಚಿನಲ್ಲಿ ಏನು ಬರೆಯಲಿ?

ಬಲ್ಲವರಲ್ಲಿ ಒಂದು ಪ್ರಶ್ನೆ.

ಎಂ.ಎ. ವಿದ್ಯಾರ್ಥಿಗಳ ಕಿರುಪ್ರಬಂಧಗಳನ್ನು ತಿದ್ದುತ್ತ ಕೂತಿದ್ದೇನೆ. ಹಳೆಯ ನಾಟಕಗಳು ಹೊಸ ಕಾಲದಲ್ಲಿ ಪಡೆದ ರೂಪಗಳು ಈ ಸಲದ ವಿಷಯ. ಒಬ್ಬಳು ಬಿ.ಎಂ.ಶ್ರೀ. ಅವರ ‘ಅಶ್ವತ್ಥಾಮನ್’ (1929), ‘ಪಾರಸಿಕರು’ (1935), ಕುವೆಂಪು ಅವರ ‘ರಕ್ತಾಕ್ಷಿ’ (1932) ಮೂರನ್ನೂ ಮೂಲದ ಪಕ್ಕದಲ್ಲಿಟ್ಟು ಓದಿದ್ದಾಳೆ. ಓದು ಚೆನ್ನಾಗಿದೆ. ಆದರೆ ಅನುವಾದ, ರೂಪಾಂತರ, ಅಳವಡಿಕೆ, ರಂಗರೂಪ ಎಲ್ಲವೂ ಒಂದೇ ಪುಟದಲ್ಲಿ, ಒಂದರ ಬದಲು ಇನ್ನೊಂದು ಎಂಬಂತೆ ಬಂದಿವೆ.

‘ರಂಗರೂಪ’ಕ್ಕೆ ಸುತ್ತು ಹಾಕಲು ಕೈ ಹಿಂಜರಿಯಲಿಲ್ಲ. ಕಾದಂಬರಿಯನ್ನೋ ಕಥೆಯನ್ನೋ ರಂಗಕ್ಕೆ ತಂದರೆ ಆ ಮಾತು. ‘ರಕ್ತಾಕ್ಷಿ’ಯ ಮೂಲವಾದ ಶೇಕ್ಸ್‌ಪಿಯರ್‌ನ ಹ್ಯಾಮ್ಲೆಟ್ ಹುಟ್ಟಿದ್ದೇ ನಾಟಕವಾಗಿ. ‘ಪಾರಸಿಕರು’ ಗ್ರೀಕ್ ನಾಟಕವೊಂದರ ಅನುವಾದ, ಅದರಲ್ಲೂ ತಕರಾರಿಲ್ಲ. ತೊಡಕು ಉಳಿದೆರಡರದು.

‘ಕುವೆಂಪು ಹ್ಯಾಮ್ಲೆಟ್ಟನ್ನು ಬಿದನೂರಿಗೆ ಅಳವಡಿಸಿದ್ದಾರೆ’ ಎಂದು ಬರೆದಿದ್ದಾಳೆ. ಓದಿದೊಡನೆ ಕಣ್ಣಿಗೆ ಬಂದದ್ದು ಬಿದನೂರಿನ ಕಂಬವೊಂದಕ್ಕೆ ಸಿ.ಸಿ. ಕ್ಯಾಮೆರಾ ಬಿಗಿಯುವ ದೃಶ್ಯ! ಪತ್ರಿಕೆಗಳಲ್ಲಿ ಈಗ ‘ಅಳವಡಿಸು’ವುದು ಪಂಪು, ಮೀಟರು, ಕ್ಯಾಮೆರಾಗಳನ್ನೇ. ‘ಅಳವಡು’ವಿಗೆ ಒಗ್ಗು, ಹೊಂದು, ವಶವಾಗು ಎಂಬ ಅರ್ಥಗಳಿವೆ, ನಿಜ. ಇಪ್ಪತ್ತರ ಹುಡುಗಿಯ ಕಿವಿಗೆ ಅವು ಕೇಳಿಸುತ್ತವೆಯೇ? ಇನ್ನು ‘ರೂಪಾಂತರ’. ಕೋವಿಡ್ ಬಂದಮೇಲೆ ‘ರೂಪಾಂತರಿ’ ಎಂದರೆ ವೈರಸ್ಸೇ. ತರಗತಿಯಲ್ಲಿ ಆ ಪದ ಎತ್ತಿದರೆ ಹಿಂದಿನ ಬೆಂಚಿನವರು ಮಾಸ್ಕ್ ಹಾಕಿಕೊಳ್ಳುವಂತೆ ನಟಿಸುತ್ತಾರೆ.

ನಗೆ ಹಾಗಿರಲಿ, ‘ಅಶ್ವತ್ಥಾಮನ್’ ವಿಷಯದಲ್ಲಿ ಎರಡೂ ಪದ ಕೈಕೊಡುತ್ತವೆ. ಅದರ ಮೂಲ ಗ್ರೀಕ್ ನಾಟಕಕಾರ ಸೊಫೊಕ್ಲಿಸ್‌ನ ‘ಅಯಾಸ್’. ಅದರಲ್ಲಿ ವೀರ ಅಯಾಸ್ ಹುಚ್ಚಿನಲ್ಲಿ ದನಕುರಿಗಳನ್ನು ಕಡಿದು, ತಿಳಿವು ಮರಳಿದಾಗ ನಾಚಿಕೆ ತಾಳದೆ ತನ್ನ ಕತ್ತಿಗೇ ಬಿದ್ದು ಸಾಯುತ್ತಾನೆ. ನಮ್ಮ ಅಶ್ವತ್ಥಾಮ ಚಿರಂಜೀವಿ. ಬಿ.ಎಂ.ಶ್ರೀ. ಅವನಿಗೆ ಅಯಾಸ್‌ನ ಸಾವನ್ನೇ ಕೊಟ್ಟರು. ಅಂದಮೇಲೆ ಅಳವಡಿಸಿದ್ದು ಯಾವುದನ್ನು ಯಾವುದಕ್ಕೆ? ಗ್ರೀಕ್ ನಾಟಕವನ್ನು ಭಾರತಕ್ಕೋ, ಭಾರತದ ಕಥೆಯನ್ನು ಗ್ರೀಕ್ ನಾಟಕಕ್ಕೋ? ‘ರೂಪಾಂತರ’ ಎಂದರೆ ವೇಷ ಬೇರೆ, ಒಳಗಿನ ಆಳು ಅದೇ ಎಂದಾಗುತ್ತದೆ. ಇಲ್ಲಿ ಎರಡು ಕಡೆಯ ಆಳುಗಳೂ ಬದಲಾಗಿದ್ದಾರೆ.

ವಿದ್ಯಾರ್ಥಿನಿ ಇದನ್ನು ‘ಮೂಲಕ್ಕೆ ನಿಷ್ಠವಲ್ಲ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದಾಳೆ. ಅದರ ಪಕ್ಕ ‘ಯಾವ ಮೂಲಕ್ಕೆ?’ ಎಂದಷ್ಟೇ ಬರೆದಿದ್ದೇನೆ. ಅವಳು ಬಂದು ‘ಹಾಗಾದರೆ ಏನೆನ್ನಲಿ ಸರ್?’ ಎಂದು ಕೇಳುವುದಂತೂ ಖಚಿತ.

‘ಮರುಸೃಷ್ಟಿ’ ನನಗೆ ಒಗ್ಗದು. ವಿವರಿಸುವ ಬದಲು ಹೊಗಳುವ ಪದ ಅದು. ಕೆಟ್ಟ ನಾಟಕಕ್ಕೂ ಒಂದು ಹೆಸರು ಬೇಕಲ್ಲ. ‘ಕಸಿ’ ಎಂದರೆ ಹೇಗೆ? ಮಾವಿನ ಕಸಿಯಲ್ಲಿ ಬೇರು ಒಂದು ಗಿಡದ್ದು, ಹಣ್ಣು ಇನ್ನೊಂದರದು. ಆದರೆ ‘ಕಸಿನಾಟಕ’ ಎಂದೊಡನೆ ಸೊಫೊಕ್ಲಿಸ್‌ನಿಂದ ಕಸಿದುಕೊಂಡ ನಾಟಕ ಎಂದು ಯಾರಾದರೂ ಕೊಂಕು ತೆಗೆದಾರು.

ಎರಡು ಮೂಲಗಳು ಒಂದನ್ನೊಂದು ತಿದ್ದಿರುವ ಇಂಥ ನಾಟಕಕ್ಕೆ ನೀವು ಬಳಸಿದ, ಇಲ್ಲವೆ ರಂಗಭೂಮಿಯವರ ಬಾಯಲ್ಲಿ ಕೇಳಿದ ಪದವಿದ್ದರೆ ತಿಳಿಸಿ. ಅಂದಹಾಗೆ, ನಾನು ತುಂಬಬೇಕಾದ ನಮೂನೆಯ ತಲೆಯಲ್ಲಿ ‘ಹಿಮ್ಮಾಹಿತಿ’ ಎಂದು ಅಚ್ಚಾಗಿದೆ. ಮಕ್ಕಳು ಅದನ್ನು ಫೀಡ್‌ಬ್ಯಾಕ್ ಎನ್ನುತ್ತಾರೆ, ನಾನೂ ಅಷ್ಟೇ. ಪ್ರಬಂಧಗಳನ್ನು ಸೋಮವಾರ ಹಿಂದಿರುಗಿಸಬೇಕು.