ಪದಚರ್ಚೆ: ‘ಕೊಲ್ಲಿ ರಾಷ್ಟ್ರ’ಗಳಲ್ಲಿ ಇರಾನ್ ಸೇರುತ್ತದೆಯೇ? ‘ಖಲೀಜಿ’ಗೆ ಏನು ಬರೆಯೋಣ?

ಪ್ರಶ್ನೆ: ಪಶ್ಚಿಮ ಏಷ್ಯಾದ ರಾಜಕಾರಣದ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಕೊಲ್ಲಿ ರಾಷ್ಟ್ರಗಳು’ ಅಂದರೆ ಯಾವುವು? ‘ಖಲೀಜಿ’ (ಅರಬ್ಬಿಯಲ್ಲಿ ‘ಕೊಲ್ಲಿಯ’, ‘ಕೊಲ್ಲಿಯವ’), ‘ಥ್ರೆಟ್ ಪರ್ಸೆಪ್ಶನ್’ ಇವಕ್ಕೆ ಏನು ಬಳಸಲಿ?

ಉತ್ತರ: ನಮಸ್ಕಾರ ಮೇಡಂ. ಪರ್ಷಿಯನ್ ಕೊಲ್ಲಿಯ ದಡ ಹಿಡಿದು ಎಣಿಸಿದರೆ ಎಂಟು ದೇಶ, ಇರಾನ್, ಇರಾಕ್ ಎರಡೂ ಸೇರಿ. ಪತ್ರಿಕೆಗಳಲ್ಲಿ ಮಾತ್ರ ಸಾಮಾನ್ಯವಾಗಿ ಆರೇ: ಸೌದಿ ಅರೇಬಿಯಾ, ಕುವೈತ್, ಬಹ್ರೇನ್, ಕತಾರ್, ಯುಎಇ, ಒಮಾನ್. ಆ ಗೆರೆ ಎಳೆದವರು 1981ರ ಮೇ 25ರಂದು ಅಬುಧಾಬಿಯಲ್ಲಿ ಸೇರಿದ ಈ ಆರು ದೇಶಗಳ ಅರಸರು. 1979ರಲ್ಲಿ ಇರಾನಿನ ದೊರೆ ಶಾ ಕ್ರಾಂತಿಯಲ್ಲಿ ಉರುಳಿದ್ದ. ಅರಸೊತ್ತಿಗೆ ಇಸ್ಲಾಮಿಗೆ ಸಲ್ಲದು ಎಂಬ ಕ್ರಾಂತಿಯ ನಾಯಕ ಖೊಮೇನಿಯ ವಾದ ಈ ಆರು ಅರಸರ ಗದ್ದುಗೆಗೇ ತಟ್ಟುವಂಥದ್ದು. ಮರುವರ್ಷ ಇರಾನ್-ಇರಾಕ್ ಯುದ್ಧ. ಕಾದಾಡುವ ಇಬ್ಬರನ್ನೂ ಹೊರಗಿಟ್ಟು ಕೊಲ್ಲಿ ಸಹಕಾರ ಮಂಡಳಿ ಕಟ್ಟಿದರು. ಸ್ವಾರಸ್ಯವೆಂದರೆ, ಅದರ ಸನ್ನದು ಪಟ್ಟಿ ಮಾಡುವ ಉದ್ದೇಶಗಳಲ್ಲಿ ವಾಣಿಜ್ಯ, ಸುಂಕ, ಶಿಕ್ಷಣ ಎಲ್ಲ ಇವೆ, ರಕ್ಷಣೆಯ ಸುದ್ದಿಯಿಲ್ಲ. ಪೀಠಿಕೆ ಹೇಳುವುದು ವಿಶೇಷ ನಂಟು, ಸಮಾನ ಲಕ್ಷಣ, ಒಂದೇ ಬಗೆಯ ವ್ಯವಸ್ಥೆಗಳನ್ನು. ಅಂಜಿಕೆಯನ್ನು ಬಾಯಿಬಿಟ್ಟು ಹೇಳದೆ ಬಂಧುತ್ವದ ಭಾಷೆಯಲ್ಲಿ ಬರೆದರು. ‘ಖಲೀಜಿ’ತನಕ್ಕೆ ಸರ್ಕಾರಿ ಮುದ್ರೆ ಬಿದ್ದದ್ದು ಹೀಗೆ. (1970ರಲ್ಲಿ ಶುರುವಾದ ಗಲ್ಫ್ ಕಪ್ ಫುಟ್‌ಬಾಲಿನಲ್ಲಿ ಇರಾಕ್, ಯೆಮನ್ ಕೂಡ ಆಡುತ್ತವೆ. ಚೆಂಡಿಗೆ ಸನ್ನದಿನ ಹಂಗಿಲ್ಲ.)

ಆರು ಅರಸರ ಅಂಜಿಕೆಯೂ ಒಂದೇ ಅಲ್ಲ. ಬಹ್ರೇನಿಗೆ ಇರಾನಿನದೇ ಚಿಂತೆ. ಕುವೈತನ್ನು 1990ರಲ್ಲಿ ನುಂಗಿದ್ದು ಇರಾಕ್. ಒಮಾನ್ ಇರಾನಿನೊಡನೆ ಮಾತುಕತೆ ಬಿಟ್ಟದ್ದೇ ಇಲ್ಲ. 2017ರ ಜೂನ್‌ನಲ್ಲಿ ಸೌದಿ, ಯುಎಇ, ಬಹ್ರೇನ್ ಈಜಿಪ್ಟಿನ ಜೊತೆಗೂಡಿ ಕತಾರಿನ ದಾರಿಗಳನ್ನೇ ಮುಚ್ಚಿದವು; ತೆರೆದದ್ದು 2021ರ ಜನವರಿಯಲ್ಲಿ. ಹಾಗಾಗಿ ‘ಕೊಲ್ಲಿ ರಾಷ್ಟ್ರಗಳ ನಿಲುವು’ ಎಂದು ಸಾರಾಸಗಟಾಗಿ ಬರೆಯುವ ಮುನ್ನ ಯಾವ ದೇಶ, ಯಾವ ವರ್ಷ ಎಂದು ನೋಡಿಕೊಳ್ಳಿ.

ಬಳಕೆಗೆ ಬಂದರೆ, ಮೊದಲ ಸಲ ‘ಕೊಲ್ಲಿ ಸಹಕಾರ ಮಂಡಳಿಯ ದೇಶಗಳು’ ಎಂದು ಬರೆದು ಆಮೇಲೆ ‘ಕೊಲ್ಲಿ ದೇಶಗಳು’ ಅನ್ನಿ. ಇರಾನ್, ಇರಾಕ್ ಸೇರಿದ್ದರೆ ‘ಕೊಲ್ಲಿ ತೀರದ ದೇಶಗಳು’. ‘ಅರಬ್ ರಾಷ್ಟ್ರಗಳು’ ಸಲ್ಲದು, ಮೊರಾಕೊವರೆಗೂ ಹರಡುತ್ತದೆ. ‘ಖಲೀಜಿ’ಯನ್ನು ಹಾಗೆಯೇ ಇಡಿ, ‘ಗಲ್ಫಿನವರು’ ಎಂದರೆ ನಮ್ಮ ಕರಾವಳಿಯಲ್ಲಿ ಅಲ್ಲಿ ದುಡಿಯಲು ಹೋದ ಊರವರೇ ನೆನಪಾಗುತ್ತಾರೆ. ಇನ್ನು ‘ಥ್ರೆಟ್ ಪರ್ಸೆಪ್ಶನ್’. ‘ಬೆದರಿಕೆ’ ಅಂದರೆ ಎದುರಿನವನು ಒಡ್ಡಿದ್ದು ಎಂದಾಗುತ್ತದೆ. ಇಲ್ಲಿರುವುದು ಆಳುವವರ ಎಣಿಕೆ, ಅದು ನಿಜವೂ ಇರಬಹುದು, ಉತ್ಪ್ರೇಕ್ಷೆಯೂ ಇರಬಹುದು. ‘ಅಪಾಯದ ಗ್ರಹಿಕೆ’ ಸಾಕು. ವಾಕ್ಯ ಬಿಗಿಯಾದರೆ ‘ಯಾರಿಂದ ಅಪಾಯವೆಂದು ಬಗೆದರು’ ಎಂದು ಬಿಡಿಸಿ ಬರೆಯಿರಿ.