ಮದುವೆಗೆ ಗ್ಲುಟಾಥಯೋನ್ ಡ್ರಿಪ್ ಹಾಕಿಸಬಹುದಾ ಡಾಕ್ಟ್ರೇ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ಮುಂದಿನ ತಿಂಗಳು ನನ್ನ ತಂಗಿ ಮದುವೆ. ಇಲ್ಲಿನ ಒಂದು ಪಾರ್ಲರ್‌ನವರು ಗ್ಲುಟಾಥಯೋನ್ ಡ್ರಿಪ್ ಹಾಕಿಸಿ, ಬೆಳ್ಳಗಾಗ್ತಾಳೆ ಅಂತಿದ್ದಾರೆ. ಮೈಯಲ್ಲೇ ಇರೋ ಆಂಟಿಆಕ್ಸಿಡೆಂಟ್ ಅಂತೆ, ಏನೂ ಆಗಲ್ವಂತೆ. ನಿಜವಾ?

ಉತ್ತರ: ಮೈಯಲ್ಲೇ ಇರುತ್ತದೆ ಅನ್ನೋದಷ್ಟು ನಿಜ ಮೇಡಂ. ಗ್ಲುಟಮೇಟ್, ಸಿಸ್ಟೀನ್, ಗ್ಲೈಸಿನ್ ಎಂಬ ಮೂರು ಅಮೈನೋ ಆಮ್ಲ ಜೋಡಿಸಿ ಜೀವಕೋಶಗಳೇ ಇದನ್ನು ಮಾಡಿಕೊಳ್ಳುತ್ತವೆ. ಲಿವರ್‌ನಲ್ಲಿ ತುಂಬಾ ಜಾಸ್ತಿ. ಕೋಶ ಆಕ್ಸಿಜನ್ ಬಳಸುವಾಗ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಗಾಯಕ್ಕೆ ಹಾಕಿದರೆ ಬುರುಬುರು ನೊರೆ ಬರುತ್ತಲ್ಲ, ಅದೇ. ಸುಮ್ನೆ ಬಿಟ್ಟರೆ ಕೋಶದ ಪೊರೆ, ಡಿಎನ್‌ಎ ಎಲ್ಲ ಹಾಳು. ಗ್ಲುಟಾಥಯೋನ್‌ನಲ್ಲಿರುವ ಗಂಧಕ ಎಲೆಕ್ಟ್ರಾನ್ ಕೊಟ್ಟು ಅದನ್ನು ನೀರು ಮಾಡಿಬಿಡುತ್ತದೆ. ಕೊಟ್ಟು ಬರಿಗೈಯಾದ ಎರಡು ಗ್ಲುಟಾಥಯೋನ್ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಮೇಲೆ ಒಂದು ಎಂಜೈಮ್ ಅವನ್ನು ಬಿಡಿಸಿ ಮತ್ತೆ ಕೆಲಸಕ್ಕೆ ಹಚ್ಚುತ್ತದೆ.

ಡ್ರಿಪ್ ಬೇಡ. ಬೆಳ್ಳಗಾಗುತ್ತಾರೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ. ಲಿವರ್, ಕಿಡ್ನಿಗೆ ತೊಂದರೆ, ಚರ್ಮ ಸುಲಿಯುವಂಥ ಅಲರ್ಜಿ ಆಗಬಹುದು ಎಂದು ಫಿಲಿಪೀನ್ಸ್‌ನ ಔಷಧ ನಿಯಂತ್ರಣ ಸಂಸ್ಥೆಯೇ ಎಚ್ಚರಿಸಿದೆ. ಅಲ್ಲಿ ಇದರ ಹುಚ್ಚು ನಮಗಿಂತ ಮೊದಲೇ ಹತ್ತಿತ್ತು.

ಇನ್ನೊಬ್ಬರು: ಸರ್, ಹಾಗಾದ್ರೆ ಮಾತ್ರೆ ತಗೋಬಹುದಾ?

ಉತ್ತರ: ನುಂಗಿದ್ದರಲ್ಲಿ ಬಹುಪಾಲು ಕರುಳಿನಲ್ಲೇ ಮತ್ತೆ ಬಿಡಿಬಿಡಿಯಾಗುತ್ತದೆ. ಆ ಬಿಡಿ ಸಾಮಾನು ಮೊಟ್ಟೆ, ಬೇಳೆಯಲ್ಲೂ ಸಿಗುತ್ತದೆ, ಅಲ್ವಾ?

ಇದರ ನಿಜವಾದ ಬೆಲೆ ಗೊತ್ತಾಗುವುದು ಎಮರ್ಜೆನ್ಸಿ ವಾರ್ಡಿನಲ್ಲಿ. ಪ್ಯಾರಾಸಿಟಮಾಲ್ ನುಂಗಿದಾಗ ಅದರ ಒಂದು ಚೂರು ಲಿವರ್‌ನಲ್ಲಿ ವಿಷವಾಗುತ್ತದೆ. ಗ್ಲುಟಾಥಯೋನ್ ಅದನ್ನು ಹಿಡಿದು ಸಾಗಹಾಕುತ್ತದೆ. ಒಂದೇ ಸಲ ತುಂಬಾ ಮಾತ್ರೆ ನುಂಗಿದವರಲ್ಲಿ ಈ ದಾಸ್ತಾನು ಖಾಲಿಯಾಗಿ ಲಿವರ್ ಸಾಯತೊಡಗುತ್ತದೆ. ಆಗ ನಾವು ಕೊಡುವುದು ಅಸಿಟೈಲ್‌ಸಿಸ್ಟೀನ್. ನೀರಿಗೆ ಹಾಕಿದರೆ ಬುಸ್ಸೆಂದು ಕರಗುವ ಮಾತ್ರೆಯೂ ಇದೆ. ಮುಚ್ಚಳ ತೆಗೆದರೆ ಕೊಳೆತ ಮೊಟ್ಟೆ ವಾಸನೆ, ಮೂಗು ಮುಚ್ಚಿಕೊಂಡೇ ಕುಡಿಸಬೇಕು. ಆ ವಾಸನೆ ಗಂಧಕದ್ದೇ. ಅದನ್ನು ಬಳಸಿಕೊಂಡು ಲಿವರ್ ಹೊಸ ಗ್ಲುಟಾಥಯೋನ್ ಕಟ್ಟುತ್ತದೆ. 8 ಗಂಟೆಯೊಳಗೆ ಕೊಟ್ಟರೆ ಲಿವರ್ ಉಳಿಯುವ ಸಾಧ್ಯತೆ ತುಂಬಾ ಜಾಸ್ತಿ. ಹೊಟ್ಟೆನೋವು ಶುರುವಾಗಲಿ ಅಂತ ಕಾಯಬೇಡಿ.

ಮೊದಲ ಪ್ರಶ್ನೆಯವರು: ಥ್ಯಾಂಕ್ಸ್ ಡಾಕ್ಟ್ರೇ. ತಂಗಿ ಒಪ್ಪಿದ್ಲು. ಪಾರ್ಲರ್‌ನವರು ಮಾತ್ರ ಅಡ್ವಾನ್ಸ್ ವಾಪಸ್ ಕೊಡಲ್ಲ ಅಂತಿದ್ದಾರೆ.

ಉತ್ತರ: ಆ ದುಡ್ಡಿಗೆ ಮೆಹಂದಿ ಹಾಕಿಸಿಕೊಳ್ಳಲಿ ಬಿಡಿ. ಮದುಮಗಳಿಗೆ ಅದಾದರೂ ಬೇಕೇ ಬೇಕಲ್ಲ.