ಟೆಕ್ಸಾಸಿನ ಬಾಸ್ ಮೀನಿಗೆ ಯಾವ ಕೋಲು, ಯಾವ ದಾರ, ಯಾವ ಲೂರ್?

ಪ್ರಶ್ನೆ (ಗೋಕಾಕ ತಾಲೂಕಿನ ಒಬ್ಬ ನಿವೃತ್ತ ಶಿಕ್ಷಕರಿಂದ):

ನಾನು ಹುಡುಗನಾಗಿದ್ದಾಗಿನಿಂದ ಘಟಪ್ರಭೆಯ ದಂಡೆಯಲ್ಲಿ ಬಿದಿರು ಕೋಲಿಗೆ ನೈಲಾನ್ ದಾರ ಕಟ್ಟಿ, ಎರೆಹುಳು ಇಲ್ಲವೆ ಹಿಟ್ಟಿನುಂಡೆ ಸಿಕ್ಕಿಸಿ ಗಾಳ ಹಾಕುತ್ತ ಬಂದವನು. ಮಗ ಅಮೆರಿಕದ ಡಲ್ಲಾಸ್ ಊರಿನಲ್ಲಿದ್ದಾನೆ. ಬರುವ ಮಾರ್ಚ್‌ನಿಂದ ಆಗಸ್ಟ್‌ವರೆಗೆ ನಾವಿಬ್ಬರೂ ಅವನ ಮನೆಯಲ್ಲಿರುತ್ತೇವೆ. ಅಲ್ಲಿ ಲೇಕ್ ಫೋರ್ಕ್ ಎಂಬ ದೊಡ್ಡ ಜಲಾಶಯವಿದ್ದು ಅಲ್ಲಿನ ಬಾಸ್ ಮೀನು ಹೆಸರುವಾಸಿ ಎಂದು ಅವನು ಹೇಳುತ್ತಾನೆ. ಅಂಗಡಿಗಳ ಚಿತ್ರ ಕಳಿಸಿದ್ದಾನೆ. ಒಂದು ಗೋಡೆಯ ತುಂಬ ಲೂರ್‌ಗಳೇ, ಅಂದರೆ ಮೀನನ್ನು ಮರುಳು ಮಾಡುವ ಕೃತಕ ಎರೆಗಳೇ, ತೂಗುಬಿದ್ದಿವೆ, ನೋಡಿ ತಲೆ ತಿರುಗಿತು. ಏನೇನು ಕೊಳ್ಳಬೇಕು, ಅದನ್ನು ಇಲ್ಲಿಂದಲೇ ಒಯ್ಯಬೇಕೆ, ಮರಳಿ ತಂದರೆ ನಮ್ಮ ಹಿಡಕಲ್ ಹಿನ್ನೀರಿನಲ್ಲಿ ಉಪಯೋಗವಾದೀತೆ ಎಂಬುದನ್ನು ತಾವು ತಿಳಿಸಬೇಕು.

ಉತ್ತರ (ಬೆಳಗಾವಿಯಲ್ಲಿ ಗಾಳದ ಸಾಮಾನಿನ ಅಂಗಡಿ ಇಟ್ಟುಕೊಂಡು ರೀಲು ದುರಸ್ತಿ ಮಾಡುವವರು):

ಹಿರಿಯರೇ, ನಮಸ್ಕಾರ. ಮೊದಲಿಗೆ ನನ್ನ ವ್ಯಾಪಾರಕ್ಕೆ ನಷ್ಟವಾಗುವ ಮಾತನ್ನೇ ಹೇಳಿಬಿಡುತ್ತೇನೆ: ಇಲ್ಲಿಂದ ಏನನ್ನೂ ಒಯ್ಯಬೇಡಿ. ಬಾಸ್ ಮೀನಿನ ಸಾಮಾನು ಅಲ್ಲಿ ನಮ್ಮ ಸಂತೆಯಲ್ಲಿ ಬದನೆಕಾಯಿ ಸಿಕ್ಕಂತೆ ಸಿಗುತ್ತದೆ. ಬೆಲೆಯೂ ಇಲ್ಲಿಗಿಂತ ಕಡಿಮೆ.

ಗಾಳ ಹಿಡಿಯುವ ಬಹುತೇಕರು ಮೊದಲು ರೀಲು ಕೊಳ್ಳುತ್ತಾರೆ, ಅದಕ್ಕೊಪ್ಪುವ ಕೋಲು ಹುಡುಕುತ್ತಾರೆ, ಆಮೇಲೆ ದಾರ, ಕಡೆಗೆ ಕಣ್ಣಿಗೆ ಚೆಂದ ಕಂಡ ಹತ್ತಾರು ಲೂರ್. ನೀವು ಇದನ್ನು ತಿರುವುಮುರುವು ಮಾಡಬೇಕು. ಮೊದಲು ನೀರು ಎಂಥದ್ದು ಎಂದು ತಿಳಿಯಬೇಕು, ಆ ನೀರಿನಲ್ಲಿ ಸಿಕ್ಕಿಬೀಳದೆ ಮೀನಿನ ಮುಂದೆ ಹಾಯಬಲ್ಲ ಲೂರ್ ಯಾವುದೆಂದು ಗೊತ್ತುಮಾಡಬೇಕು, ಆ ಲೂರ್‌ಗೆ ತಕ್ಕ ದಾರ, ದಾರಕ್ಕೆ ತಕ್ಕ ಕೋಲು, ಎಲ್ಲ ಮುಗಿದ ಮೇಲೆ ರೀಲು.

ಲೇಕ್ ಫೋರ್ಕ್ ಡಲ್ಲಾಸ್‌ನ ಪೂರ್ವಕ್ಕೆ ಎರಡು ತಾಸಿನೊಳಗಿನ ದಾರಿ. ಅಣೆಕಟ್ಟು ಕಟ್ಟುವಾಗ ಮರಗಳನ್ನು ಪೂರ್ತಿ ಕಡಿಯದೆ ಬಿಟ್ಟದ್ದರಿಂದ ನೀರೊಳಗೆ ಒಣಗಿದ ಬೊಡ್ಡೆಗಳು ಇಂದಿಗೂ ನಿಂತಿವೆ. ಟೆಕ್ಸಾಸ್ ರಾಜ್ಯದ ದಾಖಲೆಯ ಬಾಸ್, 18.18 ಪೌಂಡ್, ಅಂದರೆ ಎಂಟು ಕಿಲೋ ದಾಟಿದ್ದು, 1992ರ ಜನವರಿಯಲ್ಲಿ ಸಿಕ್ಕದ್ದು ಅಲ್ಲಿಯೇ. ಹಿಡಕಲ್ ನೀರು ಬೇಸಿಗೆಯಲ್ಲಿ ಇಳಿದಾಗ ಹುನ್ನೂರಿನ ವಿಠ್ಠಲ ಮಂದಿರ ಮೇಲೇಳುವುದನ್ನು ನೀವು ನೋಡಿರುತ್ತೀರಿ. ಮುಳುಗಡೆಯಾದ ಗೋಡೆ, ಕಟ್ಟೆ, ಬೊಡ್ಡೆಗಳ ಮಗ್ಗುಲಲ್ಲೇ ಮೀನು ಆಸರೆ ಪಡೆಯುವುದನ್ನೂ ನೀವು ಬಲ್ಲಿರಿ. ಬಾಸ್ ಅಟ್ಟಿಸಿಕೊಂಡು ಹೋಗಿ ಬೇಟೆಯಾಡುವುದಕ್ಕಿಂತ ಮರೆಯಲ್ಲಿ ಹೊಂಚು ಹಾಕಿ ಮೇಲೆರಗುವುದೇ ಹೆಚ್ಚು. ಹಾಗಾಗಿ ಬಯಲು ನೀರಿನಲ್ಲಿ ನೂರು ಬಾರಿ ಎಸೆಯುವುದಕ್ಕಿಂತ ಒಂದು ಬೊಡ್ಡೆಯ ನೆರಳಿಗೆ ಮೂರು ಬಾರಿ ಸರಿಯಾಗಿ ಎಸೆಯುವುದು ಮೇಲು.

ಬೊಡ್ಡೆಗಳ ನಡುವೆ ಸಿಕ್ಕಿಬೀಳದ ಲೂರ್ ಎಂದರೆ ಮೆದು ಪ್ಲಾಸ್ಟಿಕ್ ಹುಳು. ಒಹಾಯೊ ರಾಜ್ಯದ ಆಕ್ರನ್ ಊರಿನಲ್ಲಿ ನಿಕ್ ಕ್ರೀಮ್ ಎಂಬವರು 1949ರಲ್ಲಿ ಇದನ್ನು ಅಚ್ಚಿನಲ್ಲಿ ಎರಕ ಹೊಯ್ದು ತೆಗೆದರು. ಎರೆಹುಳು ಹಾಕಿ ಪಳಗಿದ ನಿಮ್ಮ ಕೈಗೆ ಇದು ಹೊಸದೆನಿಸುವುದಿಲ್ಲ, ಆದರೆ ಚುಚ್ಚುವ ಕ್ರಮ ಬೇರೆ. ಮೊದಲು ದಾರಕ್ಕೆ ಬಂದೂಕಿನ ಗುಂಡಿನಾಕಾರದ ಸಣ್ಣ ತೂಕವನ್ನು, ಚೂಪು ತುದಿ ಕೋಲಿನ ಕಡೆಗೆ ಬರುವಂತೆ, ಪೋಣಿಸಿಕೊಳ್ಳಿ. ಏಳರಿಂದ ಹತ್ತು ಗ್ರಾಂ ಸಾಕು. ಕುತ್ತಿಗೆಯ ಬಳಿ ಮೆಟ್ಟಿಲಿನಂತೆ ಬಾಗಿದ ಹುಕ್ ಕಟ್ಟಿ, ಅದರ ಮೊನೆಯನ್ನು ಹುಳುವಿನ ತಲೆಗೆ ನೇರವಾಗಿ ಅರ್ಧ ಸೆಂಟಿಮೀಟರ್ ಇಳಿಸಿ, ಮಗ್ಗುಲಿಂದ ಹೊರತೆಗೆದು, ಮೆಟ್ಟಿಲು ತಲೆಯೊಳಗೆ ಅಡಗುವವರೆಗೂ ಎಳೆದು, ಹುಕ್ಕನ್ನು ಅರ್ಧ ಸುತ್ತು ತಿರುಗಿಸಿ, ಮೊನೆಯನ್ನು ಮತ್ತೆ ಹುಳುವಿನ ಮೈಯೊಳಕ್ಕೆ ಹುದುಗಿಸಬೇಕು. ಹುಳು ನೆಟ್ಟಗೆ ನಿಂತಿರಬೇಕು. ಗಂಟು ಬಿದ್ದ ಲಾಡಿಯಂತೆ ಮುದುಡಿಕೊಂಡಿದ್ದರೆ ಬಿಚ್ಚಿ ಮತ್ತೆ ಚುಚ್ಚಿ, ಇಲ್ಲವಾದರೆ ಎಳೆಯುವಾಗ ಗಿರಗಿರನೆ ತಿರುಗಿ ದಾರಕ್ಕೆ ಮುರಿ ಬೀಳುತ್ತದೆ. ಮೊನೆ ಮರೆಯಾಗಿರುವುದರಿಂದ ಇದು ಕಟ್ಟಿಗೆಯನ್ನು ಸವರಿಕೊಂಡು ದಾಟುತ್ತದೆ. ಈ ಕಟ್ಟುವಿಕೆಗೆ ಹೆಸರೇ ಟೆಕ್ಸಾಸ್ ರಿಗ್.

ಇನ್ನು ತಿಂಗಳ ಲೆಕ್ಕ. ಮಾರ್ಚ್‌ನಲ್ಲಿ ನೀರು ಹದಿನಾರು–ಹದಿನೆಂಟು ಡಿಗ್ರಿ ಸೆಲ್ಸಿಯಸ್‌ಗೆ ಬರುತ್ತಲೇ ಬಾಸ್ ದಂಡೆಯ ಕಡೆಗೆ ಮೊಟ್ಟೆಗೆ ಬರುತ್ತದೆ. ಹುಳುವನ್ನು ಆಳವಿಲ್ಲದ ನೀರಿನಲ್ಲಿ ಬಲು ನಿಧಾನಕ್ಕೆ ತೆವಳಿಸಿ. ಏಪ್ರಿಲ್, ಮೇ ತಿಂಗಳಲ್ಲಿ ಸ್ಪಿನ್ನರ್‌ಬೇಟ್ ಹಿಡಿಯಿರಿ. ತಂತಿಯ ತೋಳಿನಲ್ಲಿ ತಗಡು ತಿರುಗುವ ಲೂರ್ ಅದು. ತಿಳಿನೀರಿದ್ದರೆ ಬೇವಿನೆಲೆಯಂತೆ ಉದ್ದನೆಯ ತಗಡಿನದು, ಕಲಕು ನೀರಿದ್ದರೆ ದುಂಡನೆಯ ತಗಡಿನದು, ಏಕೆಂದರೆ ದುಂಡು ತಗಡು ಹೆಚ್ಚು ಅದುರುತ್ತದೆ ಮತ್ತು ಕಣ್ಣಿಗೆ ಕಾಣದ್ದನ್ನು ಬಾಸ್ ತನ್ನ ಮೈಗೆರೆಯಿಂದ, ಅಂದರೆ ನೀರಿನ ಅದುರನ್ನು ಗ್ರಹಿಸುವ ಪಕ್ಕದ ಗೆರೆಯಿಂದ, ಅರಿಯುತ್ತದೆ. ಜೂನ್ ನಂತರ ಬಿಸಿಲೇರಿದ ಮೇಲೆ ಮೀನು ಐದಾರು ಮೀಟರ್ ಆಳಕ್ಕೆ ಇಳಿಯುತ್ತದೆ. ಆಗ ನಸುಕಿನಲ್ಲಿ ನೀರ ಮೇಲೆ ಗುಳುಗುಳು ಸದ್ದು ಮಾಡುವ ಪಾಪರ್, ಹೊತ್ತೇರಿದ ಮೇಲೆ ಇಪ್ಪತ್ತೈದು ಸೆಂಟಿಮೀಟರ್ ಉದ್ದದ ದೊಡ್ಡ ಹುಳು ಇಲ್ಲವೆ ಉದ್ದ ತುಟಿಯ ಕ್ರ್ಯಾಂಕ್‌ಬೇಟ್, ಅಂದರೆ ಎಳೆದಾಗ ಮುಳುಗುವ ಮೀನಿನಾಕಾರದ ಗಟ್ಟಿ ಲೂರ್. ಕ್ರ್ಯಾಂಕ್‌ಬೇಟ್ ಎಷ್ಟು ಆಳಕ್ಕೆ ಮುಳುಗುತ್ತದೆ ಎಂಬುದನ್ನು ಅದರ ಮುಂದಿನ ಪ್ಲಾಸ್ಟಿಕ್ ತುಟಿಯೇ ಹೇಳುತ್ತದೆ: ತುಟಿ ಉದ್ದವಿದ್ದಷ್ಟೂ ಆಳ.

ಬಣ್ಣದ ವಿಷಯದಲ್ಲಿ ಅಂಗಡಿಯವರು ಮಾತು ಬೆಳೆಸುತ್ತಾರೆ, ನಾವೂ ಬೆಳೆಸುತ್ತೇವೆ. ತಿಳಿನೀರಿಗೆ ಹಸಿರು–ಕಂದು, ಕಲಕು ನೀರಿಗೆ ಕಪ್ಪು–ನೀಲಿ. ಇಷ್ಟು ಸಾಕು.

ಹುಳುವಿಗೆ ಹದಿನೈದು ಪೌಂಡ್ ಎಳೆತ ತಾಳುವ ಫ್ಲೂರೋಕಾರ್ಬನ್ ದಾರ ಹಾಕಿ. ಅದು ನೀರಲ್ಲಿ ಮುಳುಗುತ್ತದೆ, ಸುಲಭಕ್ಕೆ ಕಾಣುವುದಿಲ್ಲ, ಕಟ್ಟಿಗೆಯ ತಿಕ್ಕಾಟವನ್ನು ತಾಳುತ್ತದೆ. ಗಂಟು ಬಿಗಿಯುವ ಮುನ್ನ ಉಗುಳಿನಿಂದ ತೇವ ಮಾಡದಿದ್ದರೆ ಇದೇ ದಾರ ಗಂಟಿನಲ್ಲೇ ತುಂಡಾಗುತ್ತದೆ. ನಿಮಗೆ ಪರಿಚಯವಿರುವ ನೈಲಾನ್ ಎಳೆದರೆ ಹಿಗ್ಗುತ್ತದೆ. ಕ್ರ್ಯಾಂಕ್‌ಬೇಟಿಗೆ ಆ ಹಿಗ್ಗು ಒಳ್ಳೆಯದೇ, ಏಕೆಂದರೆ ಅದರ ಮೂರು ಮೊನೆಯ ಸಣ್ಣ ಹುಕ್ ಮೀನಿನ ಬಾಯಿಂದ ಹರಿದುಬರುವುದನ್ನು ತಪ್ಪಿಸುತ್ತದೆ. ಹುದುಗಿಸಿದ ಮೊನೆ ಪ್ಲಾಸ್ಟಿಕ್ ಸೀಳಿಕೊಂಡು ಮೀನಿನ ಬಾಯಿಗೆ ನಾಟಬೇಕಾದಲ್ಲಿ ಮಾತ್ರ ಆ ಹಿಗ್ಗೇ ಕೈಕೊಡುತ್ತದೆ.

ಕೋಲು ಏಳು ಅಡಿಯದು, ಮೀಡಿಯಂ ಹೆವಿ, ಫಾಸ್ಟ್ ಎಂದು ಬರೆದಿರುವಂಥದ್ದು. ಮೊದಲ ಮಾತು ಕಸುವಿನದು, ಎರಡನೆಯದು ಬಾಗುವ ಜಾಗದ್ದು: ಫಾಸ್ಟ್ ಕೋಲು ಬಾರುಕೋಲಿನಂತೆ ತುದಿಯಲ್ಲಷ್ಟೇ ಬಾಗುತ್ತದೆ, ಮಾಡರೇಟ್ ಕೋಲು ಹಸಿ ಜೋಳದ ದಂಟಿನಂತೆ ನಡುವಿನವರೆಗೂ ಬಾಗುತ್ತದೆ. ಹಿಡಿಯ ಮೇಲುಗಡೆ ಎಷ್ಟು ತೂಕದ ಲೂರ್ ಎಸೆಯಬಹುದೆಂದು ಬರೆದಿರುತ್ತದೆ. ನಿಮಗೆ ಕಾಲು ಔನ್ಸಿನಿಂದ ಮುಕ್ಕಾಲು ಔನ್ಸ್, ಅಂದರೆ ಸುಮಾರು ಏಳರಿಂದ ಇಪ್ಪತ್ತೊಂದು ಗ್ರಾಂ, ಸರಿಯಾಗುತ್ತದೆ. ಎರಡು ತುಂಡಿನ ಕೋಲನ್ನೇ ಕೊಳ್ಳಿ, ಮರಳಿ ತರಲು ಅನುಕೂಲ.

ರೀಲು 3000 ಅಳತೆಯ ಸ್ಪಿನ್ನಿಂಗ್, ಅಂದರೆ ಎಸೆಯುವಾಗ ಸುರುಳಿ ತಿರುಗದೆ ದಾರ ತಾನೇ ಬಿಚ್ಚಿಕೊಳ್ಳುವಂಥದ್ದು. ಮಗ ಸುರುಳಿಯೇ ತಿರುಗುವ ಬೇಟ್‌ಕಾಸ್ಟರ್ ರೀಲು ಕೊಳ್ಳೋಣವೆಂದು ಹಟ ಮಾಡಬಹುದು. ಅದು ಒಳ್ಳೆಯದೇ, ಆದರೆ ಎಸೆದ ಲೂರ್ ನಿಂತರೂ ಸುರುಳಿ ತಿರುಗುತ್ತಲೇ ಇದ್ದು ದಾರ ಸನ್ಯಾಸಿಯ ಜಟೆಯಾಗುತ್ತದೆ. ಹೆಬ್ಬೆರಳಿನಿಂದ ಅದನ್ನು ತಡೆಯುವುದು ರೂಢಿಯಾಗಲು ತಿಂಗಳು ಬೇಕು, ನಿಮಗಿರುವುದು ಆರೇ ತಿಂಗಳು. ಡ್ರ್ಯಾಗನ್ನು, ಅಂದರೆ ಮೀನು ಜಗ್ಗಿದಾಗ ರೀಲು ದಾರ ಬಿಡುವ ಬಿಗಿಯನ್ನು, ದಾರದ ತಾಳಿಕೆಯ ಕಾಲುಭಾಗದಿಂದ ಮೂರನೆಯ ಒಂದು ಭಾಗಕ್ಕೆ ಇಡುವುದು ವಾಡಿಕೆ. ಹದಿನೈದು ಪೌಂಡಿನ ದಾರವಾದರೆ ತೂಗುವ ಕಾಂಟಾವನ್ನು ದಾರಕ್ಕೆ ಸಿಕ್ಕಿಸಿ ಎಳೆದಾಗ ಎರಡು ಕಿಲೋ ಹತ್ತಿರ ರೀಲು ದಾರ ಬಿಡಬೇಕು.

ಪರವಾನಗಿ ಮರೆಯಬೇಡಿ. ಟೆಕ್ಸಾಸ್‌ನಲ್ಲಿ ಹೊರಗಿನವರಿಗೆ ಬೇರೆ ಲೈಸೆನ್ಸ್ ಇದೆ. ರಾಜ್ಯದ ಉದ್ಯಾನಗಳೊಳಗೆ ದಂಡೆಯಿಂದ ಗಾಳ ಹಾಕಲು ಮಾತ್ರ ಅದು ಬೇಡ. ಲೇಕ್ ಫೋರ್ಕ್‌ನಲ್ಲಿ ಹದಿನಾರರಿಂದ ಇಪ್ಪತ್ನಾಲ್ಕು ಇಂಚಿನ ಬಾಸನ್ನು ಇಟ್ಟುಕೊಳ್ಳುವಂತಿಲ್ಲ, ಹಿಡಿದಲ್ಲೇ ಬಿಡಬೇಕು. ಸಾರಿಗೆ ಮೀನು ಬೇಕೆಂದು ಹೊರಟರೆ ಮನೆಯವರು ಬೈದಾರು.

ಮರುಪ್ರಶ್ನೆ (ಬಾಗಲಕೋಟೆ ನವನಗರದಿಂದ):

ಅಣ್ಣಾ, ಹಿರಿಯರ ಕೊನೆಯ ಪ್ರಶ್ನೆಗೆ ಉತ್ತರ ಉಳಿಯಿತು. ಬಾಸ್ ಸಾಮಾನಿನಿಂದ ನಮ್ಮ ಆಲಮಟ್ಟಿ ಹಿನ್ನೀರಿನಲ್ಲಿ ಏನು ಹಿಡಿಯಬಹುದು? ನಾಲ್ಕು ಬಾಸ್ ಮರಿ ತಂದು ಇಲ್ಲಿಯೇ ಬಿಟ್ಟರೆ ಹೇಗೆ ಎಂದು ನಮ್ಮ ಗೆಳೆಯರ ಬಳಗದಲ್ಲಿ ಮಾತು ನಡೆದಿದೆ.

ಉತ್ತರ:

ಮರಿ ಬಿಡುವ ಮಾತನ್ನು ಇಲ್ಲಿಗೇ ಬಿಡಿ. ಜಪಾನ್ ದೇಶದವರು 1925ರಲ್ಲಿ ಅಶಿ ಸರೋವರಕ್ಕೆ ಬಾಸ್ ತಂದು ಬಿಟ್ಟರು. ಅದು ದೇಶದ ಕೆರೆಗಳಿಗೆಲ್ಲ ಹಬ್ಬಿ ಅಲ್ಲಿನ ಸಣ್ಣ ಮೀನುಗಳನ್ನು ತಿಂದು ತೇಗಿದ ಮೇಲೆ 2005ರಲ್ಲಿ ಅದನ್ನು ಸಾಕುವುದು, ಸಾಗಿಸುವುದು, ಬಿಡುವುದನ್ನೆಲ್ಲ ಕಾನೂನಿನಿಂದ ತಡೆದರು. ಬಿವಾ ಸರೋವರದಲ್ಲಿ 2009ರಲ್ಲಿ ಸಿಕ್ಕ ಹತ್ತು ಕಿಲೋ ಬಾಸ್, ಅಮೆರಿಕದ 1932ರ ಜಾಗತಿಕ ದಾಖಲೆಗೆ ಸರಿಸಮವಾಯಿತೆಂಬುದು ಬೇರೆ ಮಾತು. ನಮ್ಮಲ್ಲಿ ಆಫ್ರಿಕನ್ ಕ್ಯಾಟ್‌ಫಿಶ್ ನಿಷೇಧವಾದರೂ ಹಳ್ಳಕೊಳ್ಳಗಳಲ್ಲಿ ಉಳಿದುಬಿಟ್ಟಿದೆ, ಅದೊಂದೇ ಸಾಕು.

ಬಾಸ್ ಸಾಮಾನಿಗೆ ತಕ್ಕ ಮೀನು ನಮ್ಮಲ್ಲೇ ಇದೆ: ಕೊರವ, ಗಡಿಭಾಗದ ಮರಾಠಿಯವರ ಮಾತಿನಲ್ಲಿ ಮರಳ್. ಅದೂ ಮರೆಯಲ್ಲಿ ಹೊಂಚು ಹಾಕುತ್ತದೆ, ಅದೂ ಮರಿ ಕಾಯುತ್ತದೆ. ವ್ಯತ್ಯಾಸವಿರುವುದು ನೀರಿನಲ್ಲಿ ಮತ್ತು ಬಾಯಿಯಲ್ಲಿ. ಕೊರವ ಇರುವುದು ಜೊಂಡು, ಅಂತರಗಂಗೆ ಹಬ್ಬಿದ ಕಡೆ. ಅದರ ದವಡೆ ಎಲುಬಿನದು, ಹಲ್ಲು ಹರಿತ. ಹಾಗಾಗಿ ಲೂರ್ ಬದಲಾಗುತ್ತದೆ, ಅದರ ಬೆನ್ನಿಗೆ ದಾರವೂ ಬದಲಾಗುತ್ತದೆ. ಒಳಗೆ ಟೊಳ್ಳಿರುವ ರಬ್ಬರ್ ಕಪ್ಪೆ, ಎರಡು ಹುಕ್ ಬೆನ್ನಿಗೆ ಅಂಟಿಕೊಂಡಿರುವಂಥದ್ದು, ಎಲೆಗಳ ಮೇಲೆ ಜಾರಿಕೊಂಡು ಬರುತ್ತದೆ. ದಾರ ಹೆಣೆದದ್ದು, ನಲವತ್ತರಿಂದ ಐವತ್ತು ಪೌಂಡ್.

ನಾನೇ ಒಮ್ಮೆ ಹಿಡಕಲ್ ಹಿನ್ನೀರಿನಲ್ಲಿ ಹೆಣೆದ ದಾರ ಮುಗಿದಿದೆಯೆಂದು ಇದ್ದ ನೈಲಾನಿಗೇ ಕಪ್ಪೆ ಕಟ್ಟಿದ್ದೆ. ಎಲೆ ಸೀಳಿ ನೀರು ಎದ್ದಿತು, ಕಪ್ಪೆ ಮಾಯವಾಯಿತು, ನಾನು ತಕ್ಷಣ ಜಗ್ಗಿದೆ. ದಾರ ಹಿಗ್ಗಿ ಮೊನೆ ನಾಟದೆ, ಕಪ್ಪೆ ಹಾರಿಬಂದು ನನ್ನ ಎದೆಗೇ ಬಡಿಯಿತು. ಎರಡು ತಪ್ಪು ಒಟ್ಟಿಗೆ: ದಾರ ತಪ್ಪು, ಅವಸರವೂ ತಪ್ಪು. ಕೊರವ ಎರಗಿದ ಮೇಲೆ ಕಪ್ಪೆಯ ಭಾರ ಕೋಲಿಗೆ ತಿಳಿಯುವವರೆಗೆ ಒಂದೆರಡು ಕ್ಷಣ ತಡೆದು, ಆಮೇಲೆ ಭುಜದ ಬಲ ಹಾಕಿ ಎತ್ತಬೇಕು. ಹಿರಿಯರು ತರುವ ಕೋಲೂ ರೀಲೂ ಇದಕ್ಕೆ ಸಾಲುತ್ತವೆ. ದಾರ ಬಿಚ್ಚಿ ಬೇರೆ ಸುತ್ತಿದರೆ ಮುಗಿಯಿತು.

ಮಳೆಗಾಲದಲ್ಲಿ ನೀರ ಮೇಲೆ ಕೆಂಪು ಮರಿಗಳ ಗುಂಪು ಕುದಿಯುವ ಎಸರಿನಂತೆ ಅಲುಗುತ್ತಿದ್ದರೆ ಅಲ್ಲಿ ಗಾಳ ಹಾಕಬೇಡಿ. ಕೆಳಗೆ ತಂದೆತಾಯಿ ಕಾವಲಿರುತ್ತವೆ. ಅವುಗಳನ್ನು ಎತ್ತಿದರೆ ಮರಿಗಳು ಬೇರೆ ಮೀನಿನ ಪಾಲು. ಕೃಷ್ಣೆಯ ಹಿನ್ನೀರಿನಲ್ಲಿ ಮೊಸಳೆಗಳಿವೆ ಎಂಬುದನ್ನು ಆಲಮಟ್ಟಿಯವರಿಗೆ ನಾನು ಹೇಳಬೇಕಿಲ್ಲ. ಮೊಣಕಾಲು ನೀರಿಗಿಳಿದು ಲೂರ್ ಬಿಡಿಸಲು ಹೋಗಬೇಡಿ, ಹೋದರೆ ಹೋಯಿತು.

ಮರುಪ್ರಶ್ನೆ (ವಿಜಯಪುರದ ಒಬ್ಬ ತಾಯಿಯಿಂದ):

ನನ್ನ ಹದಿನಾಲ್ಕು ವರ್ಷದ ಮಗ ನೂರು ಲೂರ್‌ಗಳ ಒಂದು ಪೆಟ್ಟಿಗೆಯನ್ನು ಆನ್‌ಲೈನ್‌ನಲ್ಲಿ ನೋಡಿ ಬೇಕೆಂದು ಕುಳಿತಿದ್ದಾನೆ. ಬೆಲೆ ಅಗ್ಗವಿದೆ. ಕೊಡಿಸಬಹುದೇ?

ಉತ್ತರ:

ಬೇಡ, ಅಕ್ಕಾವರೇ. ಅಂಥ ಪೆಟ್ಟಿಗೆಯಲ್ಲಿ ಹುಕ್ ಮೆತ್ತನೆಯ ತಂತಿಯದಾಗಿದ್ದು ಬೆರಳಿನಿಂದಲೇ ನೆಟ್ಟಗಾಗುವುದನ್ನು ನಾನು ಅಂಗಡಿಗೆ ಬಂದವರ ಮುಂದೆ ಎಷ್ಟೋ ಬಾರಿ ತೋರಿಸಿದ್ದೇನೆ. ಅದೇ ಹಣಕ್ಕೆ ಒಂದು ಒಳ್ಳೆಯ ಕಪ್ಪೆ, ಒಂದು ಸ್ಪಿನ್ನರ್‌ಬೇಟ್, ಒಂದು ಪೊಟ್ಟಣ ಪ್ಲಾಸ್ಟಿಕ್ ಹುಳು ಕೊಡಿಸಿ. ಹುಕ್ಕಿನ ಹಿಮ್ಮುಳ್ಳನ್ನು ಇಕ್ಕಳದಿಂದ ಅಮುಕಿ ಮಟ್ಟ ಮಾಡಿಬಿಡಿ. ಮೀನಿನ ಬಾಯಿಂದಲೂ ಹುಡುಗನ ಬೆರಳಿನಿಂದಲೂ ಸಲೀಸಾಗಿ ಬರುತ್ತದೆ. ಕಣ್ಣಿಗೆ ಕನ್ನಡಕ ಇಲ್ಲದೆ ಎಸೆಯಲು ಬಿಡಬೇಡಿ. ಕೆರೆಗಳನ್ನು ಮೀನು ಸಾಕಲು ಗುತ್ತಿಗೆ ಕೊಟ್ಟಿರುವುದರಿಂದ ಗುತ್ತಿಗೆ ಹಿಡಿದವರನ್ನು ಕೇಳಿಕೊಂಡೇ ಹೋಗಲಿ.

ಪ್ರಶ್ನೆ ಕೇಳಿದ ಹಿರಿಯರಿಂದ:

ತುಂಬ ಉಪಕಾರವಾಯಿತು. ಟೆಕ್ಸಾಸ್ ರಿಗ್ ಕಟ್ಟುವುದನ್ನು ಹಳೆಯ ರಬ್ಬರ್ ಚಪ್ಪಲಿಯ ಪಟ್ಟಿ ಕತ್ತರಿಸಿ ನಿನ್ನೆ ರಾತ್ರಿ ಪ್ರಯತ್ನಿಸಿದೆ. ನಾಲ್ಕನೆಯ ಸಲಕ್ಕೆ ನೆಟ್ಟಗೆ ನಿಂತಿತು.